ಬೇಳೆ ಕಂಪನಿ ನೋಡಿ ಬಂದ ಮೇಲೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ತೊಗರಿ ರಾಶಿ ಮುಗಿಯುವ ಹೊತ್ತಿಗೆ ಕಲಬುರಗಿ ಸುತ್ತಿನ ಕಾಲೇಜುಗಳ ಕೃಷಿ ಕ್ಲಬ್ಬಿನವರು ಬೇಳೆ ಮಿಲ್ಲು, ಪ್ಯಾಕಿಂಗ್ ಕಂಪನಿಗಳನ್ನು ನೋಡಲು ಹೋಗುವುದುಂಟು. ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಅಂಥ ಭೇಟಿಯಿಂದಲೇ ಹುಟ್ಟಿದವು. ಮನೆಯಲ್ಲಿ ತೊಗರಿ ಬೆಳೆಯುವ ಹುಡುಗ ಹುಡುಗಿಯರು ಮಿಲ್ಲಿನ ಗೇಟಿನಾಚೆ ಏನಾಗುತ್ತದೆಂದು ಕೇಳತೊಡಗಿರುವುದು ನಮಗೆ ಬಹಳ ಸಂತೋಷದ ಸಂಗತಿ.

ಪ್ರಶ್ನೆ: ನಾವು ಹೋದ ಕಂಪನಿಯ ಗೇಟಿನಲ್ಲೇ ಇಬ್ಬರು ರೈತರ ಮಾಲಿನ ತೇವಾಂಶ ನೋಡಿದರು. ಒಂದರದು ಶೇ 10, ಇನ್ನೊಂದರದು ಶೇ 14. ಎರಡೂ ಟಿಎಸ್-3ಆರ್ ತಳಿಯೇ. ಆದರೂ 14 ಇದ್ದದ್ದನ್ನು ಇಳಿಸಿಕೊಳ್ಳಲಿಲ್ಲ. ಬಿಸಿಲಿಗೆ ಹಾಕಿದರೆ ಆರಿಹೋಗುವ ನೀರಿಗೆ ಇಷ್ಟು ನಿಷ್ಠುರ ಯಾಕೆ?
– ಕೃಷಿ ಕ್ಲಬ್ ವಿದ್ಯಾರ್ಥಿನಿ, ಆಳಂದ

ಉತ್ತರ: ಮೊದಲು ಲೆಕ್ಕ ನೋಡೋಣ. ಶೇ 14 ತೇವಾಂಶದ 100 ಕಿಲೋ ತೊಗರಿಯಲ್ಲಿ ಒಣ ಪದಾರ್ಥ ಇರುವುದು 86 ಕಿಲೋ. ಅದನ್ನು ಶೇ 10ಕ್ಕೆ ಒಣಗಿಸಿದರೆ ತೂಕ 86 ಭಾಗಿಸು 0.90, ಅಂದರೆ 95.6 ಕಿಲೋ ಆಗುತ್ತದೆ. ಕ್ವಿಂಟಲಿಗೆ ಸುಮಾರು ನಾಲ್ಕೂವರೆ ಕಿಲೋ ಬರೀ ನೀರು. ಕಂಪನಿ ಅದಕ್ಕೂ ತೊಗರಿಯ ದರವನ್ನೇ ಕೊಡಬೇಕಾಗುತ್ತದೆ. ಬೆಂಬಲ ಬೆಲೆ ಖರೀದಿಯಲ್ಲೂ ಶೇ 12ರ ಮೇಲಿದ್ದರೆ ಮಾಲು ತೆಗೆದುಕೊಳ್ಳುವುದಿಲ್ಲ. ಇದು ಎಲ್ಲರಿಗೂ ಗೊತ್ತಿರುವ ಕಾರಣ. ಮಿಲ್ಲಿನವರಿಗೆ ಇದಕ್ಕಿಂತ ದೊಡ್ಡ ತಲೆನೋವು ಬೇರೆಯೇ ಇದೆ.

ಹಸಿ ಕಾಳು ಮಿಲ್ಲಿನಲ್ಲಿ ಸಿಪ್ಪೆ ಬಿಡಿಸುವ ರೋಲರಿನ ಒತ್ತಡಕ್ಕೆ ಒಡೆಯುವುದಿಲ್ಲ, ಚಪ್ಪಟೆಯಾಗುತ್ತದೆ. ಸಿಪ್ಪೆ ಬೇಳೆಗೆ ಮತ್ತಷ್ಟು ಅಂಟಿಕೊಳ್ಳುತ್ತದೆ. ಸಿಪ್ಪೆ ಬಿಡಲೆಂದು ಒತ್ತಡ ಹೆಚ್ಚಿಸಿದರೆ, ಅದೇ ರಾಶಿಯಲ್ಲಿರುವ ಒಣ ಕಾಳು ನುಚ್ಚಾಗುತ್ತದೆ. ಹೀಗಾಗಿ ಹಸಿಯ ಜೊತೆ ಒಣದ್ದೂ ಹಾಳು. ‘ಎರಡು ಚೀಲ ಹಸಿ, ಎಂಟು ಚೀಲ ಒಣ, ಕಲಸಿಬಿಟ್ಟರೆ ಮೀಟರಿನಲ್ಲಿ 11 ಬರುತ್ತದೆ’ ಎಂಬ ಉಪಾಯ ಅದಕ್ಕೇ ಫಲಿಸುವುದಿಲ್ಲ. ಮೀಟರ್ ತೋರಿಸುವುದು ಸರಾಸರಿಯನ್ನು. ರೋಲರಿಗೆ ಸಿಗುವುದು ಒಂದೊಂದೇ ಕಾಳು.

ತಳಿ ಒಂದೇ ಆದರೂ ತೇವಾಂಶ ಬೇರೆಯಾಗುವುದು ಕೊಯ್ಲಿನಿಂದ. ಶೇ 80ರಷ್ಟು ಕಾಯಿ ಕಂದುಬಣ್ಣಕ್ಕೆ ತಿರುಗಿದ ಮೇಲೆ ಕೊಯ್ದು, ಗಿಡವನ್ನು ಸೂಡು ಕಟ್ಟಿ ನಿಲ್ಲಿಸಿ ಒಣಗಿಸಿ ರಾಶಿ ಮಾಡಿದ ಕಾಳು ಒಂದು ಥರ. ಗಿಡದ ತುದಿಯಲ್ಲಿ ಇನ್ನೂ ಹಸಿರು ಕಾಯಿ ಇರುವಾಗಲೇ ಯಂತ್ರ ಹೊಡೆಸಿದ ಕಾಳು ಇನ್ನೊಂದು ಥರ. ಎರಡನೆಯದರಲ್ಲಿ ಹಸಿ ದಂಟಿನ ಚೂರು, ಎಳೆಯ ಕಾಳು ಸೇರಿಕೊಂಡು ರಾತ್ರಿ ಕಳೆಯುವುದರೊಳಗೆ ಒಣ ಕಾಳಿಗೂ ತೇವ ಹತ್ತಿಸುತ್ತವೆ. ಯಂತ್ರದಿಂದ ಬಂದ ಮಾಲನ್ನು ಅಂದೇ ಚೀಲಕ್ಕೆ ತುಂಬಬಾರದು. ಮೊದಲು ಸಾಣಿಗೆ ಹಿಡಿದು ಹಸಿ ಚೂರು ತೆಗೆಯಬೇಕು.

ಒಣಗಿಸುವ ರೀತಿಯನ್ನು ಬರೆದಿಟ್ಟುಕೊಳ್ಳಿ. ತಾಡಪತ್ರಿಯ ಮೇಲೆ ಎರಡು ಇಂಚಿಗಿಂತ ದಪ್ಪವಾಗದಂತೆ ಹರಡಿ, ಗಂಟೆಗೊಮ್ಮೆ ಕೈಯಾಡಿಸಿ. ಸಂಜೆ ಗುಡ್ಡೆ ಮಾಡಿ ಮುಚ್ಚಿ, ಇಲ್ಲವಾದರೆ ಹಗಲು ಹೋದ ನೀರು ರಾತ್ರಿಯ ಇಬ್ಬನಿಯಿಂದ ಮರಳಿ ಬರುತ್ತದೆ. ಡಿಸೆಂಬರ್, ಜನವರಿಯ ಬಿಸಿಲಿನಲ್ಲಿ ಎರಡು ಮೂರು ದಿನ ಬೇಕು. ಕೊನೆಯ ದಿನ ಕಾಳು ಬಿಸಿಯಿರುವಾಗ ಚೀಲ ಕಟ್ಟಬೇಡಿ. ಬಿಸಿ ಕಾಳು ಚೀಲದೊಳಗೆ ಬೆವರುತ್ತದೆ, ನಡುಭಾಗದಲ್ಲಿ ಬೂಸ್ಟು ಹಿಡಿಯುತ್ತದೆ. ನೆರಳಿನಲ್ಲಿ ಆರಿದ ಮೇಲೆ ತುಂಬಿ.

ಅಳೆಯುವುದು ಹೇಗೆ? ಒಣಗಿದ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಕಾಳು, ಎರಡು ಮೂರು ಚಮಚ ಚೆನ್ನಾಗಿ ಒಣಗಿದ ಉಪ್ಪು ಹಾಕಿ, ಮುಚ್ಚಿ ಒಂದು ನಿಮಿಷ ಅಲುಗಾಡಿಸಿ, ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವಾಂಶ ಶೇ 15ರ ಮೇಲಿದೆ. ಅಂಟದಿದ್ದರೆ 15ರ ಕೆಳಗಿದೆ ಎಂದಷ್ಟೇ ಅರ್ಥ, 12ಕ್ಕೆ ಬಂದಿದೆ ಎಂದಲ್ಲ. ನಿಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಓವನ್ ಇದ್ದರೆ ಖಚಿತ ಉತ್ತರ ಸಿಗುತ್ತದೆ: ಪುಡಿ ಮಾಡಿದ ಕಾಳು 5 ಗ್ರಾಂ ತೂಗಿ, 130 ಡಿಗ್ರಿ ಸೆಲ್ಸಿಯಸ್‌ನಲ್ಲಿ 2 ಗಂಟೆ ಇಟ್ಟು, ಮುಚ್ಚಿದ ಪಾತ್ರೆಯಲ್ಲಿ ತಣಿಸಿ ಮತ್ತೆ ತೂಗಿ. 0.6 ಗ್ರಾಂ ಕಡಿಮೆಯಾಗಿದ್ದರೆ ಶೇ 12. ಇದಕ್ಕೆ 0.01 ಗ್ರಾಂ ತೋರಿಸುವ ತಕ್ಕಡಿಯೇ ಬೇಕು.

ಪ್ರಶ್ನೆ: ಕಡಲೆಯನ್ನು ಒಂದೇ ಸಲಕ್ಕೆ ಬೇಳೆ ಮಾಡುತ್ತಾರೆ. ತೊಗರಿಗೆ ಮಾತ್ರ ಎಣ್ಣೆ ಹಚ್ಚಿ, ಒಣಗಿಸಿ, ನೀರು ಚಿಮುಕಿಸಿ ಮೂರು ನಾಲ್ಕು ಸುತ್ತು ಹಾಕುತ್ತಿದ್ದರು. ಎಣ್ಣೆ ಹೊಳಪಿಗೋ? ಕ್ವಿಂಟಲ್ ತೊಗರಿಗೆ ಎಷ್ಟು ಬೇಳೆ ಬರಬೇಕು?
– ಬಿಎಸ್ಸಿ ವಿದ್ಯಾರ್ಥಿ, ಶಹಾಪುರ

ಉತ್ತರ: ಈ ಹಂತದ ಎಣ್ಣೆ ಹೊಳಪಿಗಲ್ಲ. ತೊಗರಿಯ ಸಿಪ್ಪೆಗೂ ಬೇಳೆಗೂ ನಡುವೆ ಅಂಟಿನ ಪದರವಿದೆ. ಕಡಲೆಯಲ್ಲಿ ಆ ಹಿಡಿತ ಸಡಿಲ, ತೊಗರಿಯಲ್ಲಿ ಗಟ್ಟಿ. ಮಿಲ್ಲಿನ ಅರ್ಧ ಕೆಲಸ ಈ ಅಂಟು ಬಿಡಿಸುವುದೇ.

ಮೊದಲು ಕಾಳನ್ನು ಗಾತ್ರದ ಪ್ರಕಾರ ಜರಡಿ ಹಿಡಿಯುತ್ತಾರೆ. ಆಮೇಲೆ ಎಮರಿ ಎಂಬ ಒರಟು ಕಲ್ಲಿನ ರೋಲರಿನಲ್ಲಿ ಹಗುರಾಗಿ ಸಾಗಿಸಿ ಸಿಪ್ಪೆಗೆ ಗೀರು ಹಾಕುತ್ತಾರೆ. ಗೀರು ಬೀಳದ ಕಾಳಿನೊಳಗೆ ಎಣ್ಣೆ ಇಳಿಯುವುದಿಲ್ಲ. ಗೀರಿದ ಕಾಳಿಗೆ ಕ್ವಿಂಟಲಿಗೆ ಅರ್ಧದಿಂದ ಒಂದು ಕಿಲೋ ಖಾದ್ಯ ಎಣ್ಣೆ ಸವರಿ, ರಾತ್ರಿಯಿಡೀ ಗುಡ್ಡೆ ಹಾಕಿಡುತ್ತಾರೆ. ಎಣ್ಣೆ ಗೀರಿನ ಮೂಲಕ ಸಿಪ್ಪೆಯಡಿಗೆ ಹರಿದು ಅಂಟನ್ನು ಸಡಿಲಿಸುತ್ತದೆ. ಮುಂದೆ ಅಂಗಳದಲ್ಲಿ ಒಂದರಿಂದ ಮೂರು ದಿನದ ಬಿಸಿಲು, ಇಲ್ಲವೇ ಡ್ರೈಯರಿನ ಬಿಸಿಗಾಳಿ. ಬಳಿಕ ನೀರು ಚಿಮುಕಿಸಿ ಮತ್ತೆ ಗುಡ್ಡೆ. ಬೇಳೆ ನೀರು ಕುಡಿದು ತುಸು ಉಬ್ಬುತ್ತದೆ, ಒಣಗುವಾಗ ಕುಗ್ಗುತ್ತದೆ, ಆ ಉಬ್ಬು ತಗ್ಗಿನಲ್ಲಿ ಸಿಪ್ಪೆ ಬೇರೆಯಾಗುತ್ತದೆ. ಆಗ ರೋಲರಿಗೆ ಹಾಕಿದರೆ ಒಂದಷ್ಟು ಕಾಳು ಬೇಳೆಯಾಗುತ್ತದೆ. ಆಗದೇ ಉಳಿದದ್ದು ಮರಳಿ ಎಣ್ಣೆಗೆ, ಬಿಸಿಲಿಗೆ, ರೋಲರಿಗೆ. ಒಂದೇ ಸಲಕ್ಕೆ ಮುಗಿಸುವ ಆತುರದಲ್ಲಿ ರೋಲರ್ ಬಿಗಿ ಮಾಡಿದರೆ ಬೇಳೆಯ ಅಂಚು ಸವೆದು ಪುಡಿಯಾಗಿ ಹೋಗುತ್ತದೆ. ಬೇಳೆಯ ಮೂಲೆ ದುಂಡಗಾಗಿ ಸವೆದಿದ್ದರೆ ಅದು ಹೆಚ್ಚು ಉಜ್ಜಿಸಿಕೊಂಡ ಮಾಲು ಎಂದು ತಿಳಿಯಿರಿ.

ಹಳ್ಳಿಮನೆಗಳಲ್ಲಿ ತೊಗರಿಯನ್ನು ನೆನೆಸಿ, ಕೆಮ್ಮಣ್ಣು ಹಚ್ಚಿ, ಒಣಗಿಸಿ ಬೀಸುಕಲ್ಲಿನಲ್ಲಿ ಒಡೆಯುತ್ತಿದ್ದದ್ದೂ ಇದೇ ಅಂಟು ಬಿಡಿಸಲಿಕ್ಕೆ. ಹಾಗೆ ನೆನೆಸಿ ಮಾಡಿದ ಬೇಳೆ ಬೇಯಲು ಹೆಚ್ಚು ಹೊತ್ತು ಹಿಡಿಯುತ್ತದೆ, ನಡುವೆ ಸಣ್ಣ ಕುಳಿ ಬೀಳುತ್ತದೆ.

ಇನ್ನು ಬೇಳೆಯ ಲೆಕ್ಕ. 100 ಕಿಲೋ ಶುದ್ಧ ತೊಗರಿಯಲ್ಲಿ ಸಿಪ್ಪೆಯೇ 12ರಿಂದ 15 ಕಿಲೋ. ಆದ್ದರಿಂದ 85 ಕಿಲೋ ಸುಮಾರು ಪ್ರಕೃತಿ ಹಾಕಿದ ಮಿತಿ. ವಾಸ್ತವದಲ್ಲಿ ಮಿಲ್ಲುಗಳಿಗೆ ಸಿಗುವುದು 70ರಿಂದ 75. ನಡುವಿನ 10ರಿಂದ 15 ಕಿಲೋ ನುಚ್ಚು ಮತ್ತು ಪುಡಿಯಾಗಿ ಚುನ್ನಿ, ಅಂದರೆ ಮಿಲ್ಲಿನ ಉಳಿಕೆಯ ಚೀಲ ಸೇರಿ ದನದ ಮೇವಾಗುತ್ತದೆ. ಇದರ ಬೆಲೆ ಎಷ್ಟೆಂದು ನೋಡಿ: 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. 72 ಕಿಲೋ ಬೇಳೆ ಬಂದರೆ ಬರೀ ಕಾಳಿನ ಖರ್ಚೇ ಬೇಳೆಯ ಕಿಲೋಗೆ 111 ರೂಪಾಯಿ. 68ಕ್ಕೆ ಇಳಿದರೆ 117 ರೂಪಾಯಿ ದಾಟುತ್ತದೆ. ನಾಲ್ಕು ಕಿಲೋ ನುಚ್ಚಿಗೆ ಕಿಲೋ ಬೇಳೆಯ ಮೇಲೆ ಆರು ರೂಪಾಯಿಗೂ ಹೆಚ್ಚು ಹೊರೆ. ಚುನ್ನಿ ಮಾರಿ ಬರುವ ಹಣ ಅದನ್ನು ಪೂರ್ತಿ ತುಂಬಿಕೊಡುವುದಿಲ್ಲ.

ಪ್ರಶ್ನೆ: ಕಲ್ಲು ಆರಿಸುವ ಯಂತ್ರ, ಬಣ್ಣ ನೋಡಿ ಕಾಳು ಆರಿಸುವ ಯಂತ್ರ ಎಲ್ಲವೂ ಮಿಲ್ಲಿನಲ್ಲಿ ಇವೆಯಂತೆ, ಕ್ಲಬ್ಬಿನಿಂದ ಹೋಗಿ ಬಂದ ಮಗಳು ಹೇಳಿದಳು. ಹಾಗಿದ್ದ ಮೇಲೆ ಅಡತಿಯಲ್ಲಿ ಕಸ, ಮಣ್ಣು ಅಂತ ನಮಗೆ ಕಡಿತ ಯಾಕೆ ಹಾಕಬೇಕು?
– ತೊಗರಿ ಬೆಳೆಗಾರರು, ಚಿತ್ತಾಪುರ

ಉತ್ತರ: ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಆದರೆ ಒಂದೊಂದು ಯಂತ್ರಕ್ಕೂ ಒಂದೊಂದೇ ಕಣ್ಣು. ಜರಡಿ ಗಾತ್ರ ನೋಡುತ್ತದೆ. ಗಾಳಿ ಹಗುರ ಕಸವನ್ನು ಎತ್ತುತ್ತದೆ. ಡಿ-ಸ್ಟೋನರ್ ತೂಕದ ವ್ಯತ್ಯಾಸದಿಂದ ಕಲ್ಲನ್ನು ಬೇರೆ ಮಾಡುತ್ತದೆ. ಅಯಸ್ಕಾಂತ ಕಬ್ಬಿಣವನ್ನು ಹಿಡಿಯುತ್ತದೆ, ಹಿತ್ತಾಳೆಯನ್ನಲ್ಲ. ಸಾರ್ಟೆಕ್ಸ್ ಬಣ್ಣ ನೋಡಿ ಗಾಳಿಯ ಊದಿನಿಂದ ಕೆಟ್ಟ ಕಾಳನ್ನು ಆಚೆ ತಳ್ಳುತ್ತದೆ. ನಮ್ಮ ಕಪ್ಪು ಭೂಮಿಯ ಹೆಂಟೆಯ ಚೂರು ಗಾತ್ರದಲ್ಲಿ ತೊಗರಿಯಂತೆಯೇ ಇರುತ್ತದೆ, ಕಲ್ಲಿನಷ್ಟು ಭಾರವೂ ಇರುವುದಿಲ್ಲ. ಅದು ಮೊದಲ ಮೂರೂ ಯಂತ್ರಗಳಿಂದ ತಪ್ಪಿಸಿಕೊಂಡು ಎಣ್ಣೆ, ನೀರಿನ ಹಂತಕ್ಕೆ ಹೋಯಿತೆಂದರೆ ಕರಗಿ ಕಾಳಿಗೆಲ್ಲ ಮೆತ್ತಿಕೊಳ್ಳುತ್ತದೆ. ಬೇಳೆ ಮಸುಕಾಗುತ್ತದೆ.

ಆದ್ದರಿಂದ ರಾಶಿಯನ್ನು ಬರಿ ನೆಲದ ಮೇಲೆ ಮಾಡಬೇಡಿ, ತಾಡಪತ್ರಿ ಹಾಸಿ. ಡಾಂಬರು ರಸ್ತೆಯ ಮೇಲೆ ಹರಡುವುದಂತೂ ಬೇಡವೇ ಬೇಡ. ಗಾಲಿಯಡಿ ಕಾಳು ಬಿರುಕು ಬಿಡುತ್ತದೆ, ಬಿರುಕು ಬಿಟ್ಟದ್ದು ರೋಲರಿನಲ್ಲಿ ನುಚ್ಚೇ ಆಗುತ್ತದೆ.

ಬೆಂಬಲ ಬೆಲೆ ಖರೀದಿಯ ಗುಣಮಟ್ಟದಲ್ಲಿ ಕಸ ಮಣ್ಣಿಗೆ ಶೇ 2, ಬೇರೆ ಕಾಳಿನ ಬೆರಕೆಗೆ ಶೇ 3, ಹಾಳಾದ ಕಾಳಿಗೆ ಶೇ 3, ಎಳೆಯ ಹಾಗೂ ಮುರುಟಿದ ಕಾಳಿಗೆ ಶೇ 3, ಹುಳು ಕೊರೆದದ್ದಕ್ಕೆ ಶೇ 4 ಮಿತಿ. ಇದನ್ನು ಮನೆಯಲ್ಲೇ ನೋಡಿಕೊಂಡು ಹೋದರೆ ಕಡಿತದ ಮಾತು ಬಂದಾಗ ನಿಮ್ಮ ಕೈಯಲ್ಲೂ ಅಂಕಿ ಇರುತ್ತದೆ. ಹತ್ತು ಚೀಲದ ಮೇಲೆ, ನಡುವೆ, ಕೆಳಗಿನಿಂದ ಒಂದೊಂದು ಹಿಡಿ ತೆಗೆದು ಕಲಸಿ. ವೃತ್ತಾಕಾರವಾಗಿ ಹರಡಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಟ್ಟು ಉಳಿದದ್ದನ್ನು ಮತ್ತೆ ಕಲಸಿ. 100 ಗ್ರಾಂ ಉಳಿಯುವವರೆಗೆ ಹೀಗೇ ಮಾಡಿ. ಅದನ್ನು ಬಿಳಿ ತಟ್ಟೆಯಲ್ಲಿ ಆರಿಸಿ ಕಸ, ಬೆರಕೆ, ಕೆಟ್ಟ ಕಾಳು ಬೇರೆ ಬೇರೆ ತೂಗಿ. ಬಂದ ಗ್ರಾಮೇ ಶೇಕಡಾ ಲೆಕ್ಕ. ಚೀಲದ ಬಾಯಿಯಿಂದ ಮಾತ್ರ ಹಿಡಿ ತೆಗೆದರೆ ಲೆಕ್ಕ ತಪ್ಪುತ್ತದೆ, ಪುಡಿ ಮಣ್ಣು ಯಾವಾಗಲೂ ತಳ ಸೇರಿರುತ್ತದೆ. ಈ ಕೆಲಸವನ್ನು ಮಗಳಿಗೇ ವಹಿಸಿ.

ಪ್ರಶ್ನೆ: ಚೀಲದ ಬಾಯಿ ಹೊಲಿದು ಇಟ್ಟಿದ್ದರೂ ಎರಡು ತಿಂಗಳಲ್ಲಿ ತೊಗರಿಗೆ ತೂತು. ಹುಳ ಒಳಗೆ ಹೋಗುವುದು ಎಲ್ಲಿಂದ? ಗುಳಿಗೆ ಇಟ್ಟರೆ ಹೇಗೆ?
– ರೈತ ಮಹಿಳೆ, ಭಾಲ್ಕಿ

ಉತ್ತರ: ಅಕ್ಕಾ, ಗುಳಿಗೆ ಬೇಡ. ಆ ಗುಳಿಗೆಯಲ್ಲಿರುವ ಅಲ್ಯುಮಿನಿಯಂ ಫಾಸ್ಫೈಡ್ ಬಿಡುವ ವಿಷಗಾಳಿ ಜೀವ ತೆಗೆಯುತ್ತದೆ. ಪಕ್ಕದ ಕೋಣೆಯಲ್ಲಿ ಮಲಗಿದವರಿಗೂ ಅಪಾಯ. ಪರವಾನಗಿ ಪಡೆದ, ತರಬೇತಿ ಇರುವವರು ಮಾತ್ರ ಗೋದಾಮಿನಲ್ಲಿ ಬಳಸಬೇಕಾದ ವಸ್ತು ಅದು.

ಹುಳ ಹೊರಗಿನಿಂದ ಬಂದದ್ದಲ್ಲ, ಹೊಲದಿಂದ ಕಾಳಿನ ಜೊತೆಗೇ ಬಂದದ್ದು. ಕಾಳು ಜೀರುಂಡೆ ಗಿಡದಲ್ಲಿ ಒಣಗುತ್ತಿರುವ ಕಾಯಿಯ ಮೇಲೂ ಮೊಟ್ಟೆ ಇಡುತ್ತದೆ. ಮರಿ ಕಾಳಿನೊಳಗೆ ಕೊರೆದು ಸೇರಿಕೊಳ್ಳುತ್ತದೆ. ನಿಮಗೆ ಕಾಣುವ ದುಂಡು ತೂತು ಅದು ಒಳಹೊಕ್ಕ ದಾರಿಯಲ್ಲ, ಬೆಳೆದು ಹೊರಬಂದ ದಾರಿ. ಮೊಟ್ಟೆಯಿಂದ ಜೀರುಂಡೆಯಾಗಲು ಬೆಚ್ಚಗಿನ ಹವೆಯಲ್ಲಿ ಮೂರು ನಾಲ್ಕು ವಾರ ಸಾಕು. ಕಾಳಿನ ಮೇಲೆ ಅಂಟಿದ ಬಿಳಿ ಚುಕ್ಕೆ ಕಂಡರೆ ಅವು ಮೊಟ್ಟೆ.

ರಾಶಿಯಾದ ಮೊದಲ ತಿಂಗಳಲ್ಲೇ ಹೀಗೆ ಮಾಡಿ. ಕಪ್ಪು ಪ್ಲಾಸ್ಟಿಕ್ ಹಾಳೆಯ ಮೇಲೆ ಒಣಗಿದ ಕಾಳನ್ನು ಒಂದು ಇಂಚು ದಪ್ಪ ಹರಡಿ, ಮೇಲೆ ಪಾರದರ್ಶಕ ಹಾಳೆ ಹೊದಿಸಿ, ಅಂಚಿಗೆ ಮಣ್ಣು ಒತ್ತಿ. ಕಡು ಬಿಸಿಲಿನಲ್ಲಿ ಐದಾರು ಗಂಟೆ ಬಿಟ್ಟರೆ ಒಳಗಿನ ಕಾವಿಗೆ ಮೊಟ್ಟೆ, ಮರಿ ಸಾಯುತ್ತವೆ. ಹಸಿ ಕಾಳಿಗೆ ಇದನ್ನು ಮಾಡಬಾರದು, ಬೆಂದಂತಾಗುತ್ತದೆ. ತಣಿದ ಮೇಲೆ ಗಾಳಿಯಾಡದ ಡಬ್ಬಿ ಅಥವಾ ಒಳಗೆ ಪ್ಲಾಸ್ಟಿಕ್ ಪದರಗಳಿರುವ ಚೀಲಕ್ಕೆ ಬಾಯಿವರೆಗೂ ತುಂಬಿ ಬಿಗಿಯಾಗಿ ಕಟ್ಟಿ. ಅರ್ಧ ತುಂಬಿದ ಡಬ್ಬಿಯಲ್ಲಿ ಹುಳಕ್ಕೆ ಉಸಿರಾಡಲು ಗಾಳಿ ಉಳಿಯುತ್ತದೆ. ಸ್ವಲ್ಪವೇ ಇದ್ದರೆ ಕಿಲೋಗೆ 5 ಮಿಲಿ ಅಡುಗೆ ಎಣ್ಣೆ ಸವರಿಟ್ಟರೂ ನಡೆಯುತ್ತದೆ. ಎಣ್ಣೆ ಹತ್ತಿದ ಕಾಳಿನ ಮೇಲೆ ಮೊಟ್ಟೆ ಉಳಿಯುವುದಿಲ್ಲ. ಬೇಳೆ ಮಾಡಿಟ್ಟರೆ ಈ ಹುಳದ ಕಾಟ ಬಹಳ ಕಡಿಮೆ. ಆದರೆ ನುಚ್ಚು ಹೆಚ್ಚಿದ್ದರೆ ಹಿಟ್ಟಿನ ಕೆಂಪು ಹುಳ ಬರುತ್ತದೆ, ಜರಡಿ ಹಿಡಿದೇ ಇಡಿ.

ಕಂಪನಿಯ ಗೋದಾಮಿನಲ್ಲಿ ಚೀಲಗಳು ಹಲಗೆಯ ಮೇಲೆ, ಗೋಡೆಯಿಂದ ಒಂದೂವರೆ ಎರಡು ಅಡಿ ಬಿಟ್ಟು ಇರುವುದನ್ನು ನೋಡಿರಬಹುದು. ನೆಲ, ಗೋಡೆ ಎರಡೂ ತೇವ ಬಿಡುತ್ತವೆ. ಸಂದಿ ಇದ್ದರೆ ಗಾಳಿಯೂ ಆಡುತ್ತದೆ, ಇಲಿಯ ಹಿಕ್ಕೆಯೂ ಕಣ್ಣಿಗೆ ಬೀಳುತ್ತದೆ. ಮನೆಯಲ್ಲೂ ನಾಲ್ಕು ಹಲಗೆ ಹಾಕಲು ದೊಡ್ಡ ಖರ್ಚಿಲ್ಲ.

ಪ್ರಶ್ನೆ: ನಮ್ಮ ಸ್ವಸಹಾಯ ಸಂಘದಿಂದ ಅರ್ಧ ಕಿಲೋ, ಒಂದು ಕಿಲೋ ಬೇಳೆ ಪಾಕೀಟು ಮಾಡಬೇಕೆಂದಿದ್ದೇವೆ. ಪಾಕೀಟಿನ ಮೇಲೆ ಏನೇನು ಇರಬೇಕು? ‘ಗುಲ್ಬರ್ಗಾ ತೊಗರಿ ಬೇಳೆ’ ಎಂದು ಹಾಕಬಹುದೇ?
– ಸ್ವಸಹಾಯ ಸಂಘದ ಸದಸ್ಯೆಯರು, ಹುಮನಾಬಾದ್

ಉತ್ತರ: ಪದಾರ್ಥದ ಹೆಸರು, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ಕಿಲೋ ಅಥವಾ ಗ್ರಾಂ ಲೆಕ್ಕದ ಬೆಲೆ, ಬ್ಯಾಚ್ ಸಂಖ್ಯೆ, ಪ್ಯಾಕ್ ಮಾಡಿದ ದಿನಾಂಕ, ಯಾವಾಗಿನವರೆಗೆ ಬಳಸಬಹುದು, ತಯಾರಕರ ಪೂರ್ತಿ ವಿಳಾಸ, ದೂರು ಹೇಳಲು ಫೋನ್, ಹಸಿರು ಚುಕ್ಕೆಯ ಸಸ್ಯಾಹಾರ ಗುರುತು, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಗುರುತಿನ ಜೊತೆ ಅದು ಕೊಡುವ 14 ಅಂಕಿಯ ಸಂಖ್ಯೆ. ಈ ಸಂಖ್ಯೆ ಬರುವ ಮೊದಲು ಒಂದು ಪಾಕೀಟನ್ನೂ ಮಾರಬೇಡಿ. ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರಬೇಕು. ಖಾಲಿ ಪಾಕೀಟಿನ ತೂಕ ಕಳೆದ ಮೇಲೆ ಉಳಿದದ್ದೇ ನಿವ್ವಳ ತೂಕ. ಹೊಸಬರು ಹೆಚ್ಚಾಗಿ ತಪ್ಪುವುದು ಇಲ್ಲೇ. ಇನ್ನೊಂದು ಮಾತು: ಶೇ 12 ತೇವಾಂಶದ ಬೇಳೆಯನ್ನು ಸರಿಯಾಗಿ 500 ಗ್ರಾಂ ತುಂಬಿ, ಬೇಸಿಗೆಯಲ್ಲಿ ಅಂಗಡಿಯಲ್ಲಿಟ್ಟರೆ ತೆಳು ಪಾಕೀಟಿನಿಂದ ತೇವ ಆರಿ ತೂಕ ಇಳಿಯುತ್ತದೆ. ಚೆನ್ನಾಗಿ ಒಣಗಿಸಿ ತುಂಬಿ, ಒಂದೆರಡು ಗ್ರಾಂ ಹೆಚ್ಚೇ ಇರಲಿ.

ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ ಸಿಕ್ಕಿದೆ. ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಳ್ಳದವರು ಆ ಹೆಸರನ್ನೂ ಗುರುತನ್ನೂ ಹಾಕುವಂತಿಲ್ಲ. ನಿಮ್ಮದು ಬೀದರ್ ಜಿಲ್ಲೆಯ ಬೇಳೆ. ನಿಮ್ಮ ಊರ ಹೆಸರಿನಲ್ಲೇ ಮಾರಿ, ಒಳ್ಳೆಯ ಮಾಲಾದರೆ ಗಿರಾಕಿ ಅದನ್ನೂ ನೆನಪಿಡುತ್ತಾರೆ.

ಪ್ರಶ್ನೆ: ಕಂಪನಿಯಲ್ಲಿ ಪ್ರತಿ ಬ್ಯಾಚಿನ ಒಂದು ಪಾಕೀಟನ್ನು ಮಾರದೆ ಕಪಾಟಿನಲ್ಲಿ ಇಟ್ಟಿದ್ದರು. ಯಾಕೆ?
– ಪಿಯುಸಿ ವಿದ್ಯಾರ್ಥಿ, ಸುರಪುರ

ಉತ್ತರ: ಗಿರಾಕಿಯಿಂದ ದೂರು ಬಂದರೆ ಅದೇ ಬ್ಯಾಚಿನ ಪಾಕೀಟು ತೆರೆದು ನೋಡಲು. ಅದರಲ್ಲೂ ಹುಳವಿದ್ದರೆ ತಪ್ಪು ಕಂಪನಿಯದು, ಇಲ್ಲವಾದರೆ ಅಂಗಡಿಯಲ್ಲೋ ದಾರಿಯಲ್ಲೋ ಕೆಟ್ಟಿರುವ ಸಂಭವ ಹೆಚ್ಚು. ಬ್ಯಾಚ್ ಸಂಖ್ಯೆ ಹಿಡಿದು ಹಿಂದಕ್ಕೆ ಹೋದರೆ ಯಾವ ದಿನ, ಯಾರ ಮಾಲು, ಯಾವ ರೋಲರ್ ಎಂಬುದು ದಾಖಲೆಯಲ್ಲಿ ಸಿಗುತ್ತದೆ. ಹಾಗೆ ಬರೆದಿಟ್ಟವರು ಒಂದು ಬ್ಯಾಚನ್ನಷ್ಟೇ ವಾಪಸು ತರಿಸುತ್ತಾರೆ, ಬರೆಯದವರು ತಿಂಗಳ ಮಾಲನ್ನೇ ತರಿಸಬೇಕಾಗುತ್ತದೆ.

ಪ್ರಶ್ನೆ: ಹಳದಿ ಹೆಚ್ಚಿದ್ದಷ್ಟೂ ಬೇಳೆ ಒಳ್ಳೆಯದೇ?
– ಗೃಹಿಣಿ, ಕಲಬುರಗಿ

ಉತ್ತರ: ಅಲ್ಲ. ಪಾಲಿಶ್ ಮಾಡದ ಬೇಳೆ ಸ್ವಲ್ಪ ಮಂಕಾಗಿಯೇ ಇರುತ್ತದೆ. ಹೊಳಪು ಕೊನೆಯಲ್ಲಿ ಎಣ್ಣೆ ಅಥವಾ ನೀರು ಹಾಕಿ ಉಜ್ಜಿದ್ದರಿಂದ ಬಂದದ್ದು, ರುಚಿಗೆ ಸಂಬಂಧವಿಲ್ಲ. ಬಣ್ಣ ಬೆರೆಸುವುದು ಅಪರಾಧ. ಮೆಟಾನಿಲ್ ಯೆಲ್ಲೋ ಎಂಬ ಬಣ್ಣದ ಅನುಮಾನವಿದ್ದರೆ, ಒಂದು ಚಮಚ ಬೇಳೆಯನ್ನು ಬಿಸಿನೀರಿನಲ್ಲಿ ಅಲುಗಾಡಿಸಿ, ಆ ನೀರಿಗೆ ಕೆಲವು ಹನಿ ಹೈಡ್ರೋಕ್ಲೋರಿಕ್ ಆಮ್ಲ ಹಾಕಬೇಕು, ಆ ಬಣ್ಣ ಬೆರೆತಿದ್ದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಇದನ್ನು ಕಾಲೇಜಿನ ಪ್ರಯೋಗಾಲಯದಲ್ಲಿ ಉಪನ್ಯಾಸಕರ ಎದುರು ಮಾಡಲಿ, ಅಡುಗೆಮನೆಯಲ್ಲಿ ಬೇಡ. ಬೇಳೆಯ ನಡುವೆ ಬೆಣೆಯಂತೆ ಮೂಲೆ ಇರುವ ಚಪ್ಪಟೆ ಕಾಳು ಕಂಡರೆ ಕೇಸರಿ ಬೇಳೆಯಿರಬಹುದು. ಬಹುಕಾಲ ತಿಂದರೆ ಕಾಲಿನ ಶಕ್ತಿಯೇ ಹೋಗುತ್ತದೆ.

ಪ್ರಶ್ನೆ: ನಮ್ಮ ಕ್ಲಬ್ಬಿನವರು ಕಂಪನಿ ನೋಡಿ ಬಂದು ವರದಿ ಬರೆದರು. ಎಲ್ಲರ ವರದಿಯೂ ‘ಯಂತ್ರ ದೊಡ್ಡದಿತ್ತು, ಸ್ವಚ್ಛತೆ ಚೆನ್ನಾಗಿತ್ತು’ ಎಂದೇ ಇದೆ. ಮುಂದಿನ ಸಲ ಏನು ಮಾಡಿಸಬೇಕು?
– ಕೃಷಿ ಕ್ಲಬ್ಬಿನ ಮಾರ್ಗದರ್ಶಿ ಉಪನ್ಯಾಸಕರು, ಸೇಡಂ

ಉತ್ತರ: ಬರಿಗೈಯಲ್ಲಿ ಕರೆದುಕೊಂಡು ಹೋಗಬೇಡಿ ಸರ್. ಮೊದಲೇ ಮಾತಾಡಿ ಒಪ್ಪಿಸಿಕೊಂಡು, ಹುಡುಗರ ಮನೆಯ ತೊಗರಿಯನ್ನೇ ಮೂರು ಬಗೆಯಾಗಿ ಐದೈದು ಕಿಲೋ ಒಯ್ಯಲಿ: ತಾಡಪತ್ರಿಯ ಮೇಲೆ ಒಣಗಿಸಿದ್ದು, ನೇರ ಯಂತ್ರದಿಂದ ಚೀಲಕ್ಕೆ ಬಿದ್ದದ್ದು, ಎರಡನ್ನೂ ಅರ್ಧರ್ಧ ಕಲಸಿದ್ದು. ಮೂರೂ ಒಂದೇ ತಳಿ, ಒಂದೇ ಹೊಲದ್ದಾಗಿರಬೇಕು. ಹೊರಡುವ ಮುನ್ನ ಪ್ರತಿಯೊಂದರ ತೇವಾಂಶ, 100 ಗ್ರಾಮಿನಲ್ಲಿ ಕಸ, 100 ಕಾಳಿನ ತೂಕ ಬರೆದುಕೊಳ್ಳಲಿ. ದೊಡ್ಡ ಮಿಲ್ಲಿನ ರೋಲರಿಗೆ ಐದು ಕಿಲೋ ಸಾಲದು, ಆದ್ದರಿಂದ ಮಿನಿ ದಾಲ್ ಮಿಲ್ ಇರುವ ಕಡೆಗೇ ಹೋಗಿ. ಪ್ರತಿ ಬಗೆಯ ನಂತರ ಯಂತ್ರ ಖಾಲಿ ಮಾಡಿಸಿ ಗುಡಿಸಬೇಕು, ಇಲ್ಲವಾದರೆ ಹಿಂದಿನದರ ಉಳಿಕೆ ಸೇರಿ ಲೆಕ್ಕ ಕೆಡುತ್ತದೆ. ಇಡೀ ಬೇಳೆ, ಸಿಪ್ಪೆ ಬಿಡದ ಕಾಳು, ನುಚ್ಚು, ಪುಡಿ, ಹೊಟ್ಟು ಐದನ್ನೂ ಬೇರೆ ಬೇರೆ ತೂಗಿ ಕೂಡಿಸಲಿ. ಮೊತ್ತ ಐದು ಕಿಲೋಗಿಂತ ತುಸು ಕಡಿಮೆ ಬರುತ್ತದೆ, ಅದು ಹಾರಿದ ಧೂಳು ಮತ್ತು ಆರಿದ ನೀರು. ಅರ್ಧ ಕಿಲೋಗಿಂತ ಹೆಚ್ಚು ಕೊರತೆ ಬಂದರೆ ಎಲ್ಲೋ ತೂಕ ತಪ್ಪಿದೆ, ಮತ್ತೆ ಮಾಡಿಸಿ. ಆ ಐದು ಅಂಕಿಗಳನ್ನು ಮೂರು ಸಾಲಿನಲ್ಲಿ ಬರೆದು ಮನೆಗೆ ಒಯ್ದು ತಂದೆ ತಾಯಿಗೆ ತೋರಿಸಲಿ. ಫಲಿತಾಂಶವನ್ನು ನಮಗೂ ಕಳುಹಿಸಿ, ಈ ಪುಟದಲ್ಲಿ ಅಚ್ಚು ಹಾಕುತ್ತೇವೆ.